ಕೊಡಗಿನ ಮಾಡಿಗೆ ಎಂಥ ಬೆಳಕಿಂಡಿ? ಮರುಭೂಮಿಯ ಮನೆಯಿಂದ ಕಲಿಯುವುದೆಷ್ಟು, ಬಿಡುವುದೆಷ್ಟು

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ ಹಿಡಿದರೆ ಮಡಿಕೇರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಅಡುಗೆಮನೆ ಕತ್ತಲಾಗುತ್ತದೆ. ಕರೆಂಟು ಹೋದರೆ ಮಾಡಿನ ಎರಡು ಗಾಜಿನ ಹೆಂಚುಗಳಿಂದ ಇಳಿಯುವ ಮಬ್ಬು ಬೆಳಕಿನಲ್ಲೇ ಸೊಪ್ಪು ಸೋಸಬೇಕು, ಮಕ್ಕಳು ಅದರ ಕೆಳಗೇ ಪುಸ್ತಕ ಹಿಡಿದು ಕೂರಬೇಕು. ನಮ್ಮ ಊರಿನಲ್ಲಿ ಬೆಳಕಿಂಡಿ ಅಲಂಕಾರದ ವಸ್ತುವಲ್ಲ. ಹಾಗೆಯೇ ಅದರ ಕೆಳಗೆ ಬಕೆಟ್ ಇಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ದೂಡುವ ಮನೆಗಳೂ ಇಲ್ಲಿ ಕಡಿಮೆಯಿಲ್ಲ.

ಸೇನೆಯಿಂದ ನಿವೃತ್ತರಾಗಿ ಬಂದ ನನ್ನ ಭಾವ ಗಾಳಿಬೀಡಿನ ಕಡೆ ಮನೆ ಕಟ್ಟಲು ಹೊರಟಾಗ ಈ ವಿಷಯ ನಮ್ಮಿಬ್ಬರ ನಡುವೆ ವಾರಗಟ್ಟಲೆ ನಡೆಯಿತು. ಅವರು ಕೆಲವು ವರ್ಷ ಜೈಸಲ್ಮೇರಿನಲ್ಲಿದ್ದವರು. ಅಲ್ಲಿ ಬಾಡಿಗೆಗಿದ್ದ ಮನೆಯ ಮೆಟ್ಟಿಲಿನ ಮೇಲೆ ಚಪ್ಪಟೆ ತಾರಸಿಗೆ ದೊಡ್ಡದೊಂದು ಗಾಜು ಕೂರಿಸಿದ್ದರಂತೆ. ಹಗಲಿಡೀ ದೀಪವೇ ಬೇಕಿರಲಿಲ್ಲ, ಇಲ್ಲೂ ಹಾಗೇ ಮಾಡಿಸೋಣ ಎಂಬುದು ಅವರ ಆಸೆ. "ಆ ಗಾಜು ಸೋರುತ್ತಿರಲಿಲ್ಲವೇ ಭಾವ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಮಳೆ ಬಂದ ದಿನವೆಲ್ಲ ಸೋರುತ್ತಿತ್ತು. ಆದರೆ ಮಳೆ ಬರುತ್ತಿದ್ದುದೇ ಕೆಲವು ದಿನ" ಎಂದರು.

ನಮ್ಮ ಲೆಕ್ಕಾಚಾರವೆಲ್ಲ ಆ ಮಾತಿನಿಂದಲೇ ಶುರುವಾಯಿತು. ಜೈಸಲ್ಮೇರಿನ ವರ್ಷದ ಮಳೆ ಸುಮಾರು 200 ಮಿಲಿಮೀಟರ್. ಮಡಿಕೇರಿಯದು 3,000 ಮಿಲಿಮೀಟರಿಗೂ ಹೆಚ್ಚು. ಮರುಭೂಮಿಯ ಮಾಡಿನಲ್ಲಿ ತೂತು ಮಾಡುವುದು ಬಿಸಿಲು. ಹಗಲು ತಾರಸಿಯ ಮೈ 70 ಡಿಗ್ರಿಯವರೆಗೆ ಕಾದು ರಾತ್ರಿ ತಣ್ಣಗಾಗುತ್ತದೆ. ಗಾಜು, ಅಲ್ಯೂಮಿನಿಯಂ, ಕಾಂಕ್ರೀಟು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ನಡುವಿನ ಅಂಟು ಎಳೆದಾಡಿ ಬಿರಿಯುತ್ತದೆ. ಆ ಬಿರುಕು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಹೋಗುವ ಕೊಳವೆಯಲ್ಲಿ ಮರಳು ತುಂಬಿಕೊಂಡಿರುತ್ತದೆ. ಒಂದು ದಿನ ಗಂಟೆಯೊಳಗೆ ಮಳೆ ಸುರಿದು, ತಾರಸಿಯಲ್ಲಿ ನೀರು ನಿಂತು, ಬಿರಿದ ಅಂಚನ್ನು ಹುಡುಕಿಕೊಂಡು ಒಳಗೆ ಬರುತ್ತದೆ. ಅಲ್ಲಿ ಮಳೆಯೇ ಬಾರದು ಎಂದುಕೊಂಡವರಿಗೆ 2006ರ ಆಗಸ್ಟ್‌ನಲ್ಲಿ ಬಾರ್ಮೇರ್ ಜಿಲ್ಲೆಯ ಕವಾಸ್ ಹಳ್ಳಿ ಮುಳುಗಿದ್ದು ನೆನಪಿರಬೇಕು. ಗಲ್ಫ್‌ನಲ್ಲಿರುವ ನಮ್ಮವರಿಗೆ 2024ರ ಏಪ್ರಿಲ್ 16 ಮರೆಯುವಂತಿಲ್ಲ. ಅಂದು ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಯಿತು.

ಕೊಡಗಿನಲ್ಲಿ ಇಂಥ ಬಿಸಿಲಿಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ, ಕಾಫಿ ಹೂವರಳಿಸುವ ಹೂಮಳೆ ಬರುವವರೆಗಿನ ದಿನಗಳನ್ನು ನೆನಪಿಸಿಕೊಳ್ಳಿ. ಕಾಫಿ ಕಣದಲ್ಲಿ ಬರಿಗಾಲಿಟ್ಟರೆ ಸುಡುತ್ತದೆ, ಅದೇ ಕಣದ ಮೇಲೆ ಬೆಳಗಿನ ಜಾವ ಇಬ್ಬನಿ ಸುರಿದಿರುತ್ತದೆ. ಮಾಡಿನ ಮೇಲಿನ ಹಾಳೆಗೆ ಹಗಲು ರಾತ್ರಿಗಳ ನಡುವೆ 30 ಡಿಗ್ರಿಯ ವ್ಯತ್ಯಾಸ ಸುಲಭವಾಗಿ ಬೀಳುತ್ತದೆ. ಜೂನ್‌ನಲ್ಲಿ ಸೋರುವ ಎಷ್ಟೋ ತೂತುಗಳು ಮಾರ್ಚ್‌ನಲ್ಲೇ ಹುಟ್ಟಿರುತ್ತವೆ. ಮರುಭೂಮಿಯ ಮನೆಗೂ ನಮ್ಮ ಮನೆಗೂ ಇರುವ ನಿಜವಾದ ವ್ಯತ್ಯಾಸ ಎಂದರೆ, ಅಲ್ಲಿ ಸೋರಿದ್ದು ಮರುದಿನ ಒಣಗುತ್ತದೆ. ಇಲ್ಲಿ ನಾಲ್ಕು ತಿಂಗಳು ಒಣಗುವುದಿಲ್ಲ. ಪಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿ ಕೊಳೆಯುತ್ತದೆ, ಸ್ಲ್ಯಾಬಿನೊಳಗಿನ ಕಂಬಿ ತುಕ್ಕು ಹಿಡಿದು ಕಾಂಕ್ರೀಟನ್ನು ಒಡೆಯುತ್ತದೆ.

ಹೀಗಾಗಿ ಕೊಡಗಿನಲ್ಲಿ ಬೆಳಕಿಂಡಿ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಬೆಳಕಿನದಲ್ಲ. ಅಂಟು ಸತ್ತುಹೋದ ಮೇಲೂ ಈ ಕಿಂಡಿ ನೀರನ್ನು ಹೊರಗೇ ಹರಿಸುತ್ತದೆಯೇ? ಹೌದು ಎನ್ನುವಂಥದ್ದನ್ನು ಆರಿಸಬೇಕು. ಬರಿಯ ಸಿಲಿಕಾನ್ ನಂಬಿ ನಿಂತದ್ದನ್ನು, ಎಷ್ಟೇ ಚಂದವಿದ್ದರೂ, ಬಿಡಬೇಕು.

ಮೊದಲು ದಿಕ್ಕು

ಜೈಸಲ್ಮೇರ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಅದಕ್ಕೇ ಅಲ್ಲಿಯವರು ಕಿಂಡಿಯನ್ನು ಉತ್ತರಕ್ಕೆ ತೆರೆದು ಬೇಗೆ ತಪ್ಪಿಸಿಕೊಳ್ಳುತ್ತಾರೆ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ಆಗಸ್ಟ್ ನಡುವಿನವರೆಗೆ ಮಧ್ಯಾಹ್ನ ಉತ್ತರದಲ್ಲೇ ಇರುತ್ತಾನೆ. ಆದರೆ ಆ ದಿನಗಳಲ್ಲಿ ಹೆಚ್ಚಿನ ಕಾಲ ನಮ್ಮಲ್ಲಿ ಮೋಡ. ಬಿಸಿಲಿನ ಕಾಟ ನಮಗೆ ಅಷ್ಟಾಗಿ ಇಲ್ಲ. ಕಾಟ ಕೊಡುವುದು ನೈಋತ್ಯದಿಂದ ಬೀಸುವ ಗಾಳಿಮಳೆ. ಅದು ಹನಿಯನ್ನು ಹೆಂಚಿನ ಸಂದಿಯಲ್ಲಿ ಮೇಲ್ಮುಖವಾಗಿಯೂ ತಳ್ಳಬಲ್ಲದು. ಆದ್ದರಿಂದ ಪಶ್ಚಿಮ ಮತ್ತು ನೈಋತ್ಯದ ಇಳಿಜಾರಿನಲ್ಲಿ ಕಿಂಡಿಯೇ ಬೇಡ. ಈಶಾನ್ಯಕ್ಕೆ ಇಳಿಯುವ ಮಾಡಿದ್ದರೆ ಅದೇ ಒಳ್ಳೆಯದು. ಮರುಭೂಮಿಯವರು ಬಿಸಿಲಿಗೆ ಹೆದರಿ, ನಾವು ಮಳೆಗೆ ಹೆದರಿ, ಕೊನೆಗೆ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತೇವೆ.

ಗಾಜಿನ ಹೆಂಚು

ಮಂಗಳೂರು ಹೆಂಚಿನ ಮಾಡಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲೂ ಘಟ್ಟದ ಮೇಲೂ ಹುಲ್ಲಿನ ಮಾಡುಗಳ ಜಾಗಕ್ಕೆ ಹೆಂಚು ಬಂತು. ಗಾಜಿನ ಹೆಂಚು ಅದೇ ಅಚ್ಚಿನದು. ಅದೇ ರೀಪಿನ ಮೇಲೆ, ಅದೇ ಕಚ್ಚಿನಲ್ಲಿ, ಮೇಲಿನ ಹೆಂಚಿನ ಅಡಿಗೆ ಸೇರಿ ಕೆಳಗಿನದರ ಮೇಲೆ ಕೂರುತ್ತದೆ. ಒಂದು ಹನಿ ಅಂಟೂ ಬೇಡ. ಒಡೆದರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು.

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ನಾಲ್ಕು ಹೆಂಚು ಸಾಕು. ನೂರು ಚದರ ಅಡಿಗೆ ಸುಮಾರು 150 ಹೆಂಚು ಕೂರುವ ಲೆಕ್ಕದಲ್ಲಿ ಇದು ನೆಲದ ಶೇಕಡಾ ಎರಡರಷ್ಟು ಮಾತ್ರ. ಆದರೂ ತಲೆಯ ಮೇಲಿನಿಂದ ಬರುವ ಬೆಳಕಾದ್ದರಿಂದ ಕೆಲಸಕ್ಕೆ ಧಾರಾಳ. ನಾಲ್ಕನ್ನೂ ಒಂದೇ ಕಡೆ ಇಡುವುದಕ್ಕಿಂತ ಎರಡೆರಡಾಗಿ ಚದುರಿಸಿದರೆ ಕೋಣೆಯ ಮೂಲೆಗಳೂ ಬೆಳಗುತ್ತವೆ.

ಇದು ಸೋರುವುದು ಮುಖ್ಯವಾಗಿ ಒಂದೇ ಕಾರಣಕ್ಕೆ. ಕಾರ್ಖಾನೆಯಿಂದ ಕಾರ್ಖಾನೆಗೆ ಹೆಂಚಿನ ಕಚ್ಚಿನ ಆಳ ಕೊಂಚ ಬೇರೆಯಿರುತ್ತದೆ. ಅಂಗಡಿಯಲ್ಲಿ ಸಿಕ್ಕ ಗಾಜಿನ ಹೆಂಚು ನಿಮ್ಮ ಹಳೆಯ ಹೆಂಚಿನ ಪಕ್ಕದಲ್ಲಿ ಎರಡು ಮೂರು ಮಿಲಿಮೀಟರ್ ಎತ್ತಿಕೊಂಡು ಕೂತರೆ ಗಾಳಿಮಳೆಗೆ ಅಷ್ಟೇ ಸಾಕು. ನಿಮ್ಮ ಮಾಡಿನ ಹೆಂಚೊಂದನ್ನು ಇಳಿಸಿ ಅಂಗಡಿಗೇ ಕೊಂಡೊಯ್ದು, ಜೋಡಿಸಿ ನೋಡಿ ತನ್ನಿ. ಮಳೆಗಾಲ ಮುಗಿದ ಮೇಲೆ ಪಾಚಿ ಉಜ್ಜಿಸಬೇಕು. ಮಂಗಗಳ ಓಡಾಟ ಇರುವಲ್ಲಿ, ಸಿಲ್ವರ್ ಓಕ್ ರೆಂಬೆ ಬೀಳುವಲ್ಲಿ ಕೆಳಗೊಂದು ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿಸಿ. ಒಡೆದ ಚೂರು ತೊಟ್ಟಿಲ ಮೇಲೆ ಬೀಳಬಾರದು.

ಪಾರದರ್ಶಕ ಹಾಳೆ

ಟ್ರಸ್ (ಕಬ್ಬಿಣದ ಚೌಕಟ್ಟು) ಹಾಕಿ ತಗಡು ಹೊದಿಸಿದ ಮಾಡಿನವರಿಗೆ ಸಹಜವಾದ ಆಯ್ಕೆ ಇದು. ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಅಂಗಡಿಯವರು ಮೂರನ್ನೂ ಫೈಬರ್ ಶೀಟ್ ಎಂದೇ ಕರೆಯುವುದುಂಟು.

ನಿಜವಾದ ಫೈಬರ್ ಹಾಳೆ ಅಗ್ಗ. ಬಿಸಿಲಿಗೆ ಮೇಲಿನ ರಾಳ ಸವೆದು ನಾರು ಹೊರಬರುತ್ತದೆ, ಆ ನಾರಿನಲ್ಲಿ ಧೂಳೂ ಪಾಚಿಯೂ ಹಿಡಿಯುತ್ತವೆ. ಕೊಟ್ಟಿಗೆಗೆ, ಸೌದೆ ಮನೆಗೆ ಸರಿ. ವಾಸದ ಮನೆಗೆ ಬೇಡ.

ಒಳಗೆ ಟೊಳ್ಳು ಕಾಲುವೆಗಳಿರುವ ಪಾಲಿಕಾರ್ಬೊನೇಟ್ ಹಾಳೆ ಮರುಭೂಮಿಗೆ ಒಳ್ಳೆಯದು. ಕಾಲುವೆಯೊಳಗಿನ ಗಾಳಿ ಬೇಗೆಯನ್ನು ತಡೆಯುತ್ತದೆ. ಆದರೆ ನಮ್ಮಲ್ಲಿ ಆ ಕಾಲುವೆಗಳೇ ಶತ್ರು. ತುದಿಗಳನ್ನು ಸರಿಯಾದ ಪಟ್ಟಿಯಿಂದ ಮುಚ್ಚದಿದ್ದರೆ ತೇವ ಒಳಸೇರಿ ಒಂದೆರಡು ಮಳೆಗಾಲಕ್ಕೆ ಹಸಿರು ಗೆರೆಗಳು ಮೂಡುತ್ತವೆ, ಇರುವೆ ಮಣ್ಣು ತುಂಬುತ್ತದೆ, ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕುಶಾಲನಗರದಂಥ ಒಣ ಭಾಗದಲ್ಲಿ ಇದನ್ನು ಹಾಕಬಹುದು. ಆಗಲೂ ಕಾಲುವೆಗಳು ಇಳಿಜಾರಿನ ಉದ್ದಕ್ಕೇ ಇರಬೇಕು. ಭಾಗಮಂಡಲ, ಗಾಳಿಬೀಡು, ಶಾಂತಳ್ಳಿಯ ಕಡೆಗೆ ನಾನು ಶಿಫಾರಸು ಮಾಡುವುದಿಲ್ಲ.

ಉಳಿದದ್ದು ಒಂದೇ ಪದರದ, ತಗಡಿನ ಅಲೆಗೆ ಸರಿಹೊಂದುವಂತೆ ಅಚ್ಚು ಮಾಡಿದ ಗಟ್ಟಿ ಪಾಲಿಕಾರ್ಬೊನೇಟ್. ತಗಡಿನ ಮಾಡಿಗೆ ನನ್ನ ಆಯ್ಕೆ ಇದೇ. ಆದರೆ ಕೂರಿಸುವಾಗ ಎರಡು ಸಂಗತಿ ಗಮನಿಸಬೇಕು. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಲೇಪ ಹೆಚ್ಚಿನ ಹಾಳೆಗಳಲ್ಲಿ ಒಂದೇ ಮುಖಕ್ಕೆ ಇರುತ್ತದೆ. ಆ ಮುಖ ಆಕಾಶಕ್ಕಿರಬೇಕು. ಮಗುಚಿ ಹಾಕಿದರೆ ಬೇಗನೆ ಹಳದಿಯಾಗಿ ಬಿರಿಯುತ್ತದೆ. ಗುರುತಿನ ತೆಳು ಹಾಳೆಯನ್ನು ಕೆಲಸದವರು ಮೊದಲೇ ಕಿತ್ತು ಬಿಸಾಡದಂತೆ ನೋಡಿಕೊಳ್ಳಿ.

ಎರಡನೆಯದು ಹಿಗ್ಗುವಿಕೆ. ಒಂದು ಮೀಟರ್ ಪಾಲಿಕಾರ್ಬೊನೇಟ್ ಪ್ರತಿ ಡಿಗ್ರಿಗೆ ಸುಮಾರು 0.065 ಮಿಲಿಮೀಟರ್ ಹಿಗ್ಗುತ್ತದೆ. ಮೂರು ಮೀಟರ್ ಹಾಳೆ ನಮ್ಮ ಮಾರ್ಚ್‌ನ 30 ಡಿಗ್ರಿ ವ್ಯತ್ಯಾಸಕ್ಕೆ ಆರು ಮಿಲಿಮೀಟರ್ ಓಡಾಡುತ್ತದೆ. ಮರುಭೂಮಿಯ 45 ಡಿಗ್ರಿಗೆ ಒಂಬತ್ತು. ಅಷ್ಟೇ ಉದ್ದದ ಗಾಜು ಅದೇ ಮರುಭೂಮಿಯಲ್ಲಿ ಓಡಾಡುವುದು ಒಂದು ಮಿಲಿಮೀಟರಿನ ಆಸುಪಾಸು. ವೆಲ್ಡರ್ ಹಾಳೆಯನ್ನು ಬಿಗಿಯಾಗಿ ಸ್ಕ್ರೂ ಹೊಡೆದುಬಿಟ್ಟರೆ ಈ ಓಡಾಟಕ್ಕೆ ಜಾಗವಿಲ್ಲದೆ ತೂತಿನ ಸುತ್ತ ನಕ್ಷತ್ರದಂಥ ಬಿರುಕು ಏಳುತ್ತದೆ. ಸ್ಕ್ರೂವಿಗಿಂತ ತೂತು ಕೆಲವು ಮಿಲಿಮೀಟರ್ ದೊಡ್ಡದಿರಬೇಕು, ಅಗಲವಾದ ರಬ್ಬರ್ ವಾಷರ್ ಅದನ್ನು ಮುಚ್ಚಬೇಕು, ಸ್ಕ್ರೂ ಅಲೆಯ ನೆತ್ತಿಯಲ್ಲಿರಬೇಕೇ ಹೊರತು ನೀರು ಹರಿಯುವ ತಗ್ಗಿನಲ್ಲಲ್ಲ. ಮೇಲಿನ ತಗಡು ಈ ಹಾಳೆಯ ಮೇಲೆ ಕನಿಷ್ಠ ಎಂಟು ಇಂಚು ಚಾಚಿರಲಿ. ಸಿಲಿಕಾನ್ ಬೇಕೇಬೇಕಾದರೆ ವಿನೆಗರ್‌ನ ಹುಳಿ ವಾಸನೆ ಹೊಡೆಯುವ ಬಗೆ ಬೇಡ. ಅದು ಪಾಲಿಕಾರ್ಬೊನೇಟಿಗೂ ತಗಡಿಗೂ ಕೆಡುಕು ಮಾಡುತ್ತದೆ. ನ್ಯೂಟ್ರಲ್ ಎಂದು ಕೇಳಿ ತನ್ನಿ.

ಮಳೆಯ ಸದ್ದು ಈ ಹಾಳೆಯ ಮೇಲೆ ಜೋರು. ಮಲಗುವ ಕೋಣೆಗೆ ಇದು ಬೇಡ ಎಂದು ಹೇಳುವುದಕ್ಕೆ ಅದೊಂದೇ ಸಾಕು.

ಕಾಂಕ್ರೀಟ್ ತಾರಸಿಯ ಮೇಲೆ ಗಾಜು

ಭಾವನ ಆಸೆ ಇದ್ದದ್ದು ಇದರ ಮೇಲೆ. ಬೆಳಕು ಬೇರೆಲ್ಲಕ್ಕಿಂತ ಚೆನ್ನ, ಬಾಳಿಕೆಯೂ ಹೆಚ್ಚು, ಖರ್ಚೂ ಹೆಚ್ಚು. ತಪ್ಪಿದರೆ ತಿದ್ದುವುದು ಎಲ್ಲಕ್ಕಿಂತ ಕಷ್ಟ.

ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು, ಅಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿ ಬೆಸೆದದ್ದು. ಬರಿಯ ಟಫನ್ಡ್ ಗಾಜು ಗಟ್ಟಿ ಎಂದು ಮಾರುತ್ತಾರೆ. ಗಟ್ಟಿ ಹೌದು. ಆದರೆ ಅದರೊಳಗೆ ಉಳಿದ ನಿಕಲ್ ಸಲ್ಫೈಡ್ ಕಣದಿಂದ ಯಾರೂ ಮುಟ್ಟದೆಯೂ ಒಂದು ದಿನ ಒಡೆಯಬಹುದು, ಒಡೆದರೆ ಪೂರ್ತಿ ಕೆಳಗೆ ಸುರಿಯುತ್ತದೆ. ಲ್ಯಾಮಿನೇಟೆಡ್ ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಮಕ್ಕಳಿರುವ ಮನೆಯಲ್ಲಿ ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಕಿವಿಗೊಡಬೇಡಿ.

ಮರುಭೂಮಿಯಲ್ಲಿ ಗಾಜನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿಸಿದರೂ ನಡೆಯುತ್ತದೆ. ಇಲ್ಲಿ ಕನಿಷ್ಠ 15 ಡಿಗ್ರಿ ಇಳಿಜಾರು ಬೇಕು. ಅಂಚಿನಲ್ಲಿ ನೀರು ನಿಂತರೆ ಲ್ಯಾಮಿನೇಟೆಡ್ ಗಾಜಿನ ಒಳಪದರ ಅಂಚಿನಿಂದ ಬಿಟ್ಟುಕೊಂಡು ಬಿಳಿ ಮೋಡದಂತೆ ಹರಡುತ್ತದೆ. ಗಾಜನ್ನು ಹೊರುವ ಕಟ್ಟೆ ತಾರಸಿಯ ಮಟ್ಟದಿಂದ ಆರು ಇಂಚು ಎಂಬುದು ಎಲ್ಲೆಡೆ ಹೇಳುವ ಮಾತು. ನಮ್ಮ ಮಳೆಗೆ ಒಂಬತ್ತರಿಂದ ಹನ್ನೆರಡು ಇಂಚು ಇಡಿಸಿ. ಆ ಕಟ್ಟೆಯನ್ನು ಸ್ಲ್ಯಾಬಿನ ಜೊತೆಗೇ ಕಾಂಕ್ರೀಟಿನಲ್ಲಿ ಹಾಕಿಸಬೇಕು. ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಕಟ್ಟೆಗೂ ಸ್ಲ್ಯಾಬಿಗೂ ನಡುವೆ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಗಾಜಿನ ಅಂಚು ಕಟ್ಟೆಯಿಂದ ಎರಡು ಇಂಚಾದರೂ ಹೊರಚಾಚಿ, ಟೋಪಿಯ ಅಂಚಿನಂತೆ ನೀರನ್ನು ಆಚೆ ಬೀಳಿಸಬೇಕು. ಜಲನಿರೋಧಕ ಪದರ ಸ್ಲ್ಯಾಬಿನಿಂದ ಕಟ್ಟೆಯ ಮೇಲೇರಿ ಆ ಟೋಪಿಯ ಅಡಿಯಲ್ಲಿ ಮುಗಿಯಬೇಕು. ಇಷ್ಟಾದ ಮೇಲೆ ಹಚ್ಚುವ ಸಿಲಿಕಾನ್ ಎರಡನೆಯ ಕಾವಲುಗಾರ ಮಾತ್ರ.

ಕೊಡಗಿನಲ್ಲಿ ತಾರಸಿ ಮನೆ ಕಟ್ಟಿದ ಬಹಳ ಮಂದಿ ಕೆಲವು ವರ್ಷದಲ್ಲಿ ಅದರ ಮೇಲೆ ಟ್ರಸ್ ಹಾಕಿ ತಗಡು ಹೊದಿಸುತ್ತಾರೆ. ಅಂಥ ಯೋಚನೆ ಈಗಲೇ ಇದ್ದರೆ ದುಬಾರಿ ಗಾಜಿನ ಕೆಲಸ ಬಿಟ್ಟುಬಿಡಿ. ಸ್ಲ್ಯಾಬಿನ ಕಿಂಡಿಗೆ ಸಾದಾ ಲ್ಯಾಮಿನೇಟೆಡ್ ಗಾಜು, ಅದರ ನೇರ ಮೇಲೆ ತಗಡಿನಲ್ಲಿ ಪಾರದರ್ಶಕ ಹಾಳೆ, ಇಷ್ಟು ಸಾಕು.

ಬೆಳಕಿನ ಕೊಳವೆ, ಅಂದರೆ ಮೇಲೆ ಸಣ್ಣ ಗುಮ್ಮಟ, ಒಳಗೆ ಕನ್ನಡಿಯಂತೆ ಹೊಳೆಯುವ ನಳಿಗೆ ಇರುವಂಥದ್ದು, ಕತ್ತಲ ನಡುಮನೆಗೆ, ಸ್ನಾನದ ಮನೆಗೆ ಚೆನ್ನಾಗಿದೆ. ತೂತು ಚಿಕ್ಕದು, ಬೇಗೆಯೂ ಕಡಿಮೆ, ಆದ್ದರಿಂದ ಬಿಸಿ ನಾಡುಗಳಲ್ಲಿ ಅದಕ್ಕೆ ಬೆಲೆಯಿದೆ. ಮಂಗಳೂರು ಹೆಂಚಿನ ಉಬ್ಬುತಗ್ಗಿಗೆ ಹೊಂದುವ ಬುಡದ ತಗಡು ಸಿಕ್ಕರೆ ಮಾತ್ರ ಕೊಳ್ಳಿ.

ತೊಟ್ಟಿಯನ್ನು ಮುಚ್ಚುವವರಿಗೆ

ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ದುರಸ್ತಿ ಮಾಡಿಸುವವರು ನಡುವಿನ ತೊಟ್ಟಿಗೆ ಗಾಜು ಹೊದಿಸುವ ಮಾತೆತ್ತುತ್ತಾರೆ. ನನ್ನ ಮನಸ್ಸು ಇದಕ್ಕೆ ಒಪ್ಪುವುದಿಲ್ಲ. ತೊಟ್ಟಿಮನೆಯ ಒಳಮಾಡುಗಳು ನಾಲ್ಕೂ ಕಡೆಯಿಂದ ಒಳಕ್ಕೇ ಇಳಿಯುತ್ತವೆ. ಕಟ್ಟಿದ ಹಿರಿಯರು ನೀರನ್ನು ತಡೆಯಲು ಹೋಗಲಿಲ್ಲ. ಬರಗೊಟ್ಟು, ಕಲ್ಲು ಹಾಸಿನ ಮೇಲೆ ಬೀಳಿಸಿ, ತೂಬಿನಿಂದ ಹೊರಗೆ ಹಾಕಿದರು. ಸೂರಿನ ಮಟ್ಟದಲ್ಲೇ ಗಾಜು ಹೊದಿಸಿದರೆ ಆ ನೀರಿಗೆ ದಾರಿಯೇ ಇರುವುದಿಲ್ಲ. ಒಳಮಾಡುಗಳ ವಿಸ್ತಾರ 60 ಚದರ ಮೀಟರ್ ಎಂದುಕೊಳ್ಳಿ. ಗಂಟೆಗೆ 50 ಮಿಲಿಮೀಟರ್ ಮಳೆಯೆಂದರೆ 3,000 ಲೀಟರ್ ನೀರು. ನೀರು ಹರಿಸಲು ಸೂರಿಗೆ ಕಟ್ಟಿದ ದೋಣಿಯ ಬಾಯಿಗೆ ಎಲೆ ಸಿಕ್ಕಿಕೊಂಡರೆ ಅಷ್ಟೂ ನೆಲ್ಲಕ್ಕಿ ನಡುಬಾಡೆಗೆ, ಅಂದರೆ ದೀಪವಿಡುವ ನಡುಮನೆಗೆ, ಬರುತ್ತದೆ.

ಮುಚ್ಚಲೇಬೇಕೆಂದರೆ ನಾಲ್ಕು ಕಂಬದ ಮೇಲೆ ಎರಡು ಮೂರಡಿ ಎತ್ತರಿಸಿ, ಗಾಳಿಯಾಡಲು ಪಕ್ಕ ಬಿಟ್ಟು, ಹೊದಿಕೆಯ ಅಂಚನ್ನು ಒಳಮಾಡಿನ ಮೇಲಕ್ಕೆ ಚಾಚಿಸಿ. ದೋಣಿ ಬೇಕಾದುದಕ್ಕಿಂತ ಇಮ್ಮಡಿ ಅಗಲವಿರಲಿ. ತೊಟ್ಟಿಯ ಹಳೆಯ ತೂಬನ್ನು ಮಾತ್ರ ಯಾವ ಕಾರಣಕ್ಕೂ ಸಿಮೆಂಟು ಹಾಕಿ ಮುಚ್ಚಿಸಬೇಡಿ.

ಸೋರುತ್ತಿರುವ ಕಿಂಡಿ ಈಗಾಗಲೇ ಇದ್ದರೆ

ಬದಲಿಸುವ ಮುನ್ನ ನಿಜವಾಗಿ ಕಿಂಡಿಯೇ ಸೋರುತ್ತಿದೆಯೇ ನೋಡಿ. ನಮ್ಮ ಮನೆಯ ಅಡುಗೆ ಕೋಣೆಯ ಕಿಂಡಿಗೆ ಮೂರು ಮಳೆಗಾಲ ಸಿಲಿಕಾನ್ ಹಚ್ಚಿಸಿದೆವು. ಪ್ರತಿ ಸಲವೂ ಹಳೆಯದರ ಮೇಲೇ ಹೊಸದನ್ನು ಬಳಿದು ಹೋದರು. ಹಳೆಯದನ್ನು ಪೂರ್ತಿ ಕೆರೆದು ತೆಗೆಯದೆ ಹಚ್ಚಿದ್ದು ನಿಲ್ಲುವುದಿಲ್ಲ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ನಾಲ್ಕನೆಯ ವರ್ಷ ಅನುಭವಸ್ಥ ಮೇಸ್ತ್ರಿಯೊಬ್ಬರು ಮಾಡು ಹತ್ತಿ ನೋಡಿದರೆ ನೆತ್ತಿಯ ಹೆಂಚಿನ ಗಾರೆ ಬಿರಿದಿತ್ತು. ನೀರು ಅಲ್ಲಿ ಒಳಸೇರಿ, ಪಕಾಸಿನ ಮೈಯ ಮೇಲೆ ಆರಡಿ ಹರಿದು, ಕಿಂಡಿಯ ಚೌಕಟ್ಟು ಸಿಕ್ಕ ಕಡೆ ತೊಟ್ಟಿಕ್ಕುತ್ತಿತ್ತು. ಕಿಂಡಿಯಲ್ಲಿ ಏನೂ ದೋಷವಿರಲಿಲ್ಲ.

ಪೈಪು ಹಿಡಿದು ಪರೀಕ್ಷಿಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ. ನೀರನ್ನು ಕಿಂಡಿಯ ಕೆಳಗಿನ ಅಂಚಿನಿಂದ ಶುರುಮಾಡಿ, ಪ್ರತಿ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು, ನಿಧಾನವಾಗಿ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಡಿಸೆಂಬರ್, ಜನವರಿಯ ಮುಂಜಾನೆ ಮಳೆಯಿಲ್ಲದೆಯೂ ಹನಿ ಬಿದ್ದರೆ ಅದು ಸೋರಿಕೆಯಲ್ಲ. ಅನ್ನದ ಹಬೆ, ಬಿಸಿನೀರಿನ ಹಬೆ ತಣ್ಣನೆಯ ಗಾಜಿಗೆ ತಗುಲಿ ನೀರಾಗುತ್ತದೆ. ಅದಕ್ಕೆ ಅಂಟು ಹಚ್ಚಿ ಫಲವಿಲ್ಲ. ಹಬೆ ಹೊರಹೋಗಲು ದಾರಿ ಮಾಡಬೇಕು, ಇಲ್ಲವೇ ನಡುವೆ ಗಾಳಿ ಇರುವ ಜೋಡಿ ಗಾಜು ಹಾಕಿಸಬೇಕು.

ಈ ಕೆಲಸಗಳಿಗೆಲ್ಲ ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ. ಹೂಮಳೆ ಸುರಿದ ದಿನ ಕೆಳಗೆ ನಿಂತು ನೋಡಿ. ಹನಿ ಕಂಡರೆ ತಿದ್ದಿಸಲು ಇನ್ನೂ ಒಂದೆರಡು ತಿಂಗಳು ಕೈಯಲ್ಲಿರುತ್ತದೆ.

ಭಾವನ ಮನೆಗೆ ಕೊನೆಗೆ ಇವು ಯಾವುವೂ ಬರಲಿಲ್ಲ. ಹೊಸ ಮನೆಯಾದ್ದರಿಂದ ಮೆಟ್ಟಿಲಿನ ಭಾಗದ ಗೋಡೆಯನ್ನು ಪಕ್ಕದ ಮಾಡಿಗಿಂತ ಮೂರಡಿ ಎತ್ತರಿಸಿ, ಈಶಾನ್ಯಕ್ಕೆ ಮುಖ ಮಾಡಿದ ನೆಟ್ಟನೆಯ ಗಾಜು ಹಾಕಿಸಿದೆವು. ಅದರ ಮೇಲೆ ಎರಡೂವರೆ ಅಡಿ ಸೂರು ಚಾಚಿದೆ. ಮಾಡಿನಲ್ಲಿ ಒಂದು ತೂತೂ ಇಲ್ಲ. ನೆಟ್ಟಗಿರುವ ಗಾಜಿನ ಮೇಲೆ ನೀರು ನಿಲ್ಲುವುದಿಲ್ಲ, ಮೆಟ್ಟಿಲ ಮೇಲೆ ನಿಂತೇ ಒರೆಸಬಹುದು. ಹೊಸದಾಗಿ ಕಟ್ಟುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೋದ ಆಗಸ್ಟ್‌ನಲ್ಲಿ ಅಲ್ಲಿ ಹೋಗಿದ್ದಾಗ ಹೊರಗೆ ಎಡೆಬಿಡದೆ ಸುರಿಯುತ್ತಿತ್ತು. ಭಾವ ಮೆಟ್ಟಿಲಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು, ದೀಪ ಹಾಕಿರಲಿಲ್ಲ.